ಸಣ್ಣ ಮೈದಾನ, ಮರುದಿನದ ಪುಟ: ಪತ್ರಿಕೆಗೆ ಆಟದ ಫೋಟೊ ತೆಗೆಯುವವರಿಗೆ

ಸ್ಥಳೀಯ ಪಂದ್ಯದ ಫೋಟೊ ತೆಗೆಯಲು ಹೊರಟವರು ಮೊದಲು ಕೇಳುವುದು ಲೆನ್ಸಿನ ಬಗ್ಗೆ. ಲೆನ್ಸ್ ಬೇಕು, ಸರಿ. ಆದರೆ ಮರುದಿನ ಪುಟದಲ್ಲಿ ಚಿತ್ರ ಕೆಟ್ಟು ಕಾಣುವುದು ಹೆಚ್ಚಾಗಿ ಬೇರೆ ಎರಡು ಕಾರಣಕ್ಕೆ: ಆಟಗಾರ್ತಿಯ ತಲೆಯ ಹಿಂದೆಯೇ ನಿಂತಿರುವ ವ್ಯಾನು, ಚಿತ್ರದ ಕೆಳಗೆ ತಪ್ಪಾಗಿ ಅಚ್ಚಾದ ಹೆಸರು. ಎರಡನ್ನೂ ತಪ್ಪಿಸಲು ದುಡ್ಡು ಬೇಡ, ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋದರೆ ಸಾಕು.

ಹೋದವರು ಮೈದಾನಕ್ಕೆ ಒಂದು ಸುತ್ತು ಹಾಕಿ. ದೊಡ್ಡ ಕ್ರೀಡಾಂಗಣದಲ್ಲಿ ಹಿನ್ನೆಲೆಗೆ ಜನ ತುಂಬಿದ ಗ್ಯಾಲರಿ ಇರುತ್ತದೆ, ಮಸುಕಾದರೂ ಚೆಂದವೇ. ಸಣ್ಣ ಮೈದಾನದಲ್ಲಿ ಇರುವುದು ನಿಲ್ಲಿಸಿದ ವಾಹನ, ಕಂಬ, ತಂತಿಬೇಲಿ, ಬಿಸಿಲಿಗೆ ಹೊಳೆಯುವ ಬಿಳಿ ಬ್ಯಾನರ್. ಮರಗಳ ಸಾಲೋ ನೆರಳು ಬಿದ್ದ ಗೋಡೆಯೋ ಯಾವ ಬದಿಗಿದೆ ನೋಡಿಕೊಂಡು ಅದರ ಎದುರು ಬದಿಯಲ್ಲಿ ಜಾಗ ಹಿಡಿಯಿರಿ. 200 ಎಂಎಂ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಬರುವ ಕಂಡಿಯನ್ನು, ಎಫ್ 2.8ರಷ್ಟು ಅಗಲಕ್ಕೆ ತೆರೆದರೆ, ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 10 ಮೀಟರ್ ದೂರದ ಆಟಗಾರನ ಸುತ್ತ ಸುಮಾರು 40 ಸೆಂಟಿಮೀಟರ್ ಮಾತ್ರ ಸ್ಪಷ್ಟವಾಗಿರುತ್ತದೆ, ಹಿಂದಿನದೆಲ್ಲ ಕರಗಿಹೋಗುತ್ತದೆ. ಅದೇ ಆಟಗಾರ 20 ಮೀಟರ್ ದೂರಕ್ಕೆ ಹೋದರೆ ಸ್ಪಷ್ಟತೆಯ ಪಟ್ಟಿ ಒಂದೂವರೆ ಮೀಟರ್ ದಾಟುತ್ತದೆ, ಕಂಬ ಮತ್ತೆ ಎದ್ದು ಕಾಣುತ್ತದೆ. ಆದ್ದರಿಂದ ಆಟದ ಹಿಂದೆ ಓಡಾಡುವುದಕ್ಕಿಂತ ಆಟ ನಿಮ್ಮ ಹತ್ತಿರ ಬರುವ ಜಾಗದಲ್ಲಿ ಕಾಯುವುದು ಲೇಸು.

ಕಾಯುವುದು ಕೂತುಕೊಂಡೇ. ನಿಂತು ತೆಗೆದರೆ ತಲೆಗಳು ಹುಲ್ಲಿಗೆ ಅಂಟಿಕೊಂಡಂತೆ ಕಾಣುತ್ತವೆ. ಮೊಣಕಾಲೂರಿ ಕೂತರೆ ಅದೇ ಜಿಗಿತ ಎತ್ತರವಾಗುತ್ತದೆ, ಟೋಪಿಯ ಅಂಚಿನ ಕೆಳಗಿನ ಕಣ್ಣೂ ಸಿಗುತ್ತದೆ.

ಫುಟ್‌ಬಾಲ್‌ನಲ್ಲಿ ಗೋಲು ಗೆರೆಯ ಹಿಂದೆ, ಕಂಬಕ್ಕೂ ಮೂಲೆಯ ಬಾವುಟಕ್ಕೂ ನಡುವೆ ಕೂತರೆ ದಾಳಿ ನಿಮ್ಮ ಕಡೆಗೇ ಬರುತ್ತದೆ. ಎರಡು ಗೋಲಿಗೂ ಓಡಾಡಿದರೆ ಎರಡೂ ಸಿಗುವುದಿಲ್ಲ. ಬಲವಾದ ತಂಡ ದಾಳಿ ಮಾಡುವ ತುದಿ ಆರಿಸಿ, ವಿರಾಮದ ನಂತರ ಬೇಕಿದ್ದರೆ ಬದಲಿಸಿ. ಬ್ಯಾಸ್ಕೆಟ್‌ಬಾಲ್‌ಗೆ ಬೇಸ್‌ಲೈನಿನ ಹಿಂದೆ, ಬುಟ್ಟಿಯ ಕಂಬದಿಂದ ಸ್ವಲ್ಪ ಪಕ್ಕಕ್ಕೆ. ವಾಲಿಬಾಲ್‌ನಲ್ಲಿ ಸ್ಮ್ಯಾಶ್ ಹೊಡೆಯುವವರ ಮುಖ ಬೇಕೆಂದರೆ ಎದುರಾಳಿ ಅಂಕಣದ ಕಡೆಯಿಂದ ಓರೆಯಾಗಿ ನೋಡಬೇಕು. ಇಲ್ಲಿ ಆಟೊಫೋಕಸ್ ನೆಟ್ಟನ್ನೇ ಹಿಡಿದುಕೊಳ್ಳುವುದು ಮಾಮೂಲು ಕಾಟ. ಒಂದೇ ಫೋಕಸ್ ಪಾಯಿಂಟ್ ಇಟ್ಟು, ಮುಖ ನೆಟ್ಟಿನ ಮೇಲೆ ಬಂದಾಗ ಹಿಡಿಯಿರಿ. ಉದ್ದಜಿಗಿತಕ್ಕೆ ಮರಳಿನ ಗುಂಡಿಯ ಆಚೆ ತುದಿ. ಕ್ರಿಕೆಟ್ ಬೇರೆಯದೇ ಲೆಕ್ಕ: ಬೌಂಡರಿಯಿಂದ ಬ್ಯಾಟಿಂಗ್ ತುಂಬಿಕೊಳ್ಳಲು 400 ಎಂಎಂ ಆದರೂ ಬೇಕು. ಕೈಯಲ್ಲಿರುವುದು 200 ಆದರೆ ಹಟ ಬಿಟ್ಟು ಬೌಂಡರಿ ಬಳಿಯ ಫೀಲ್ಡರ್, ಪೆವಿಲಿಯನ್‌ಗೆ ಮರಳುವ ಬ್ಯಾಟರ್, ಕಾಯುತ್ತ ಕೂತ ಮುಂದಿನವರು, ಇವರತ್ತ ತಿರುಗಿ. ಎಲ್ಲೇ ಕೂತರೂ ಗೆರೆಯಿಂದ ಎರಡು ಮೀಟರ್ ಹಿಂದೆ ಇರಿ, ಚೀಲವನ್ನು ಆಟಗಾರರು ಎಡವದ ಕಡೆ ಇಡಿ.

ಶಟರ್ ವೇಗ ಹಗಲಲ್ಲಿ 1/1000 ಸೆಕೆಂಡಿಗಿಂತ ನಿಧಾನವಾಗದಿರಲಿ. ಸೆಕೆಂಡಿಗೆ 20 ಮೀಟರ್ ಹೋಗುವ ಚೆಂಡು ಅಷ್ಟರಲ್ಲೇ 2 ಸೆಂಟಿಮೀಟರ್ ಸರಿದಿರುತ್ತದೆ. 1/250 ಎಂದರೆ 8 ಸೆಂಟಿಮೀಟರ್, ಚೆಂಡು ಮೊಟ್ಟೆಯ ಆಕಾರಕ್ಕೆ ಬಂತೆಂದೇ ಲೆಕ್ಕ. ಅಪರ್ಚರ್ ಪೂರ್ತಿ ತೆರೆದು, ಶಟರ್ ಕೈಯಾರೆ ಇಟ್ಟು, ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೊಗೆ ಬಿಡುವುದು ಮೋಡ ಬಂದು ಹೋಗುವ ದಿನಕ್ಕೆ ಒಳ್ಳೆಯದು. ಫೋಕಸ್ ಸದಾ ನಿರಂತರ ಮೋಡ್‌ನಲ್ಲಿ. ಇನ್ನು ಬರ್ಸ್ಟ್, ಅಂದರೆ ಒಂದರ ಹಿಂದೊಂದು ಫ್ರೇಮ್ ತೆಗೆಯುವುದರ ಬಗ್ಗೆ ಇರುವ ನಂಬಿಕೆ ಅತಿಯಾಯಿತು. ಸೆಕೆಂಡಿಗೆ 10 ಫ್ರೇಮ್ ತೆಗೆದರೂ ಎರಡು ಫ್ರೇಮಿನ ನಡುವೆ ಆ ಚೆಂಡು 2 ಮೀಟರ್ ಹೋಗಿರುತ್ತದೆ. ತಲೆಗೆ ಚೆಂಡು ತಾಗುವ ಕ್ಷಣ ಬರುವುದು ಆಟ ಓದಿ, ಒಂದು ಎಳೆ ಮುಂಚೆ ಬೆರಳು ಒತ್ತಿದವರಿಗೇ. ಗುಂಡಿ ಒತ್ತಿಯೇ ಹಿಡಿದರೆ ಬಫರ್ (ಕಾರ್ಡಿಗೆ ಹೋಗುವ ಮುನ್ನ ಚಿತ್ರ ನಿಲ್ಲುವ ಕ್ಯಾಮೆರಾದ ಒಳ ಮೆಮೊರಿ) ತುಂಬಿ, ಸರಿಯಾಗಿ ಗೋಲಿನ ಹೊತ್ತಿಗೆ ಕ್ಯಾಮೆರಾ ಮುಷ್ಕರ ಹೂಡುತ್ತದೆ. ಸಂಸ್ಕರಿಸದ ದೊಡ್ಡ ರಾ ಫೈಲಿನಲ್ಲಿ ಬಫರ್ ಇನ್ನೂ ಬೇಗ ತುಂಬುತ್ತದೆ. ಗಡುವು ಹತ್ತಿರವಿದ್ದರೆ ಜೆಪೆಗ್ ಸಾಕು.

ಒಳಾಂಗಣದ ದೀಪಗಳು ನಿಜವಾದ ತಲೆನೋವು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಟ್ಯೂಬು, ಡಿಸ್ಚಾರ್ಜ್ ದೀಪ, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/1000 ಶಟರ್ ಆ ಏರಿಳಿತದ ಹತ್ತನೇ ಒಂದು ಭಾಗವನ್ನಷ್ಟೇ ಕಾಣುವುದರಿಂದ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಅರ್ಧ ಕಪ್ಪು. ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ: ಫ್ರೇಮ್ ವೇಗ ತುಸು ಕುಗ್ಗಿದರೂ ಬೆಳಕಿನ ತುದಿಗೇ ಶಟರ್ ಬೀಳುತ್ತದೆ. ಎಲೆಕ್ಟ್ರಾನಿಕ್ ಶಟರ್ ಸದ್ದಿಲ್ಲದ್ದೆಂದು ಮೋಹಗೊಳ್ಳಬೇಡಿ, ಸಾಮಾನ್ಯ ಸೆನ್ಸರಿನಲ್ಲಿ ಅದು ಇಂಥ ದೀಪದಡಿ ಅಡ್ಡ ಪಟ್ಟೆ ಎಳೆಯುತ್ತದೆ, ಬೀಸಿದ ಬ್ಯಾಟನ್ನು ಬಾಗಿಸುತ್ತದೆ. ಬಿಳಿ ಬಿಳಿಯಾಗಿಯೇ ಕಾಣಲು ವೈಟ್ ಬ್ಯಾಲೆನ್ಸನ್ನು ಬಿಳಿ ಕಾಗದ ಹಿಡಿದು ಅಲ್ಲೇ ಹೊಂದಿಸಿ, ಆದರೆ ದೀಪದ ಏರಿಳಿತ ಪೂರ್ತಿ ಸೇರುವಂತೆ ಆ ಅಳತೆಯನ್ನು 1/50ರಂಥ ನಿಧಾನ ಶಟರಿನಲ್ಲಿ ತೆಗೆದುಕೊಳ್ಳಿ. ಐಎಸ್‌ಒ 6400ಕ್ಕೆ ಹೆದರಬೇಕಿಲ್ಲ. ಕತ್ತಲಾಗಿ ತೆಗೆದು ಆಮೇಲೆ ಬೆಳಕು ಎತ್ತಿದ ಚಿತ್ರದಲ್ಲಿ ಕಾಳು (ಚುಕ್ಕಿ ಚುಕ್ಕಿಯಾಗಿ ಕಾಣುವ ಒರಟು) ಇನ್ನೂ ಹೆಚ್ಚು, ಮತ್ತು ಪತ್ರಿಕೆಯ ಕಾಗದದ ಮೇಲೆ ಸಣ್ಣ ಕಾಳು ಕಾಣುವುದೇ ಇಲ್ಲ. ಶಾಯಿ ಹೀರಿ ಹರಡುವ ಕಾಗದದಲ್ಲಿ ಕಾಣುವುದು ಕಪ್ಪು: ನೆರಳು ಕಟ್ಟಿ ಮುಖ ಮುಳುಗುತ್ತದೆ. ಪರದೆಯಲ್ಲಿ ಸರಿ ಎನಿಸಿದ್ದಕ್ಕಿಂತ ಮುಖವನ್ನು ಚೂರು ಬೆಳಗಿಸಿ ಕಳುಹಿಸಿ.

ಕ್ರಾಪ್ ಮಾಡಲೂ ಧೈರ್ಯ ಬೇಕು. 15 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಇಂಚಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ 1200 ಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಫ್ರೇಮಿನ ಅಗಲವೇ 6000. ಮುಖ, ಚೆಂಡು, ಎದುರಾಳಿ, ಮೂರು ಸಿಕ್ಕರೆ ಉಳಿದ ಹುಲ್ಲನ್ನು ಕತ್ತರಿಸಿ. ಅಳಿಸುವುದು ಮಾತ್ರ ಬೇಡ. ಮೂಲೆಯಲ್ಲಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಚಿತ್ರದಿಂದ ಅಳಿಸಿದ್ದಕ್ಕೆ 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಒಬ್ಬ ಫ್ರೀಲಾನ್ಸರ್ ಜೊತೆಗಿನ ನಂಟನ್ನೇ ಕಡಿದುಕೊಂಡಿತು. ಆ ವ್ಯಾನು ಅಡ್ಡ ಬಂದಿದ್ದರೆ ಕ್ರಾಪ್ ಮಾಡಿ, ಆಗದಿದ್ದರೆ ಬೇರೆ ಫ್ರೇಮ್ ಹುಡುಕಿ.

ಸೀಟಿ ಊದಿದ ಮೇಲೂ ಕ್ಯಾಮೆರಾ ಕೆಳಗಿಳಿಸಬೇಡಿ. ಗೋಲು ಹೊಡೆದವರು ಓಡುವುದು ತಮ್ಮವರ ಬಳಿಗೆ, ಆದ್ದರಿಂದ ತರಬೇತುದಾರರೂ ಬದಲಿ ಆಟಗಾರರೂ ಎಲ್ಲಿ ಕೂತಿದ್ದಾರೆ ಎಂಬುದು ಮೊದಲೇ ಗೊತ್ತಿರಲಿ. ಸೋತವರ ಚಿತ್ರವೂ ಸುದ್ದಿಯೇ. ಮಕ್ಕಳ ಪಂದ್ಯದಲ್ಲಿ ಮಾತ್ರ, ಗೋಲು ಬಿಟ್ಟುಕೊಟ್ಟ ಹನ್ನೊಂದರ ಹುಡುಗ ಅಳುವ ಮುಖವನ್ನು ಅವನ ಶಾಲೆಯವರೆಲ್ಲ ನೋಡುವ ಪುಟಕ್ಕೆ ಕೊಡುವುದು ಬೇಡ ಎನ್ನುವ ಪಂಥ ನನ್ನದು.

ಆಟವಲ್ಲದ ಕಾರ್ಯಕ್ರಮಗಳಲ್ಲಿ ಕಷ್ಟ ಉಲ್ಟಾ: ಎಲ್ಲರೂ ನಿಮಗಾಗಿಯೇ ನಿಂತುಬಿಡುತ್ತಾರೆ. ಫಲಕ ಹಿಡಿದ ಸಾಲು ಚಿತ್ರವನ್ನು ಬೇಗ ಮುಗಿಸಿ, ಸಂಘಟಕರಿಗೂ ಸಮಾಧಾನ. ಆಮೇಲೆ ಕೆಲಸ ನಡೆಯುವ ಕಡೆ ಹೋಗಿ ಮೂರು ದೂರದಿಂದ ತೆಗೆಯಿರಿ: ಇಡೀ ಜಾಗ, ಇಬ್ಬರು ಮೂವರು, ಬರೀ ಕೈ. ಹತ್ತು ನಿಮಿಷ ಕಳೆದರೆ ಜನ ನಿಮ್ಮನ್ನು ಮರೆಯುತ್ತಾರೆ. "ಇನ್ನೊಂದು ಸಲ ಗಿಡ ನೆಡ್ಲಾ?" ಎಂದು ಯಾರಾದರೂ ಕೇಳಿದರೆ ಬೇಡವೆನ್ನಿ, ಎರಡನೇ ಸಲದ್ದು ಸುದ್ದಿಚಿತ್ರವಲ್ಲ. ಮಕ್ಕಳಿದ್ದರೆ ಶಿಕ್ಷಕರನ್ನೋ ಪೋಷಕರನ್ನೋ ಕೇಳಿ, ಹೆಸರು ಹಾಕಬಹುದೇ ಎಂದು ಬೇರೆಯಾಗಿ ಕೇಳಿ.

ಹೆಸರಿನ ವಿಷಯದಲ್ಲಿ ಕಿವಿಯನ್ನು ನಂಬಲೇಬಾರದು. ಪುಸ್ತಕ ಕೊಟ್ಟು ಅವರ ಕೈಯಲ್ಲೇ ಬರೆಸಿಕೊಳ್ಳಿ. ಪಂದ್ಯದಲ್ಲಿ ತಂಡದ ಪಟ್ಟಿಯ ಫೋಟೊ ಮೊದಲ ಫ್ರೇಮ್ ಆಗಿರಲಿ. ಜೆರ್ಸಿಗೆ ನಂಬರೇ ಇಲ್ಲದ ಕಡೆ, ಅಭ್ಯಾಸದ ವೇಳೆ ಒಬ್ಬೊಬ್ಬರ ಮುಖ ತೆಗೆದು ಶೂ ಬಣ್ಣ, ಹೆಡ್‌ಬ್ಯಾಂಡ್, ಮೊಣಕಾಲ ಪಟ್ಟಿ ಗುರುತು ಹಾಕಿಕೊಳ್ಳಿ. ಪ್ರತಿ ಗೋಲಿನ ನಂತರ ಸ್ಕೋರ್‌ಬೋರ್ಡಿಗೆ ಒಂದು ಕ್ಲಿಕ್. ಕ್ಯಾಮೆರಾ ಗಡಿಯಾರ ಫೋನಿಗೆ ಹೊಂದಿದ್ದರೆ ಯಾವ ಗೋಲು ಯಾವ ನಿಮಿಷದ್ದೆಂದು ಫೈಲೇ ಹೇಳುತ್ತದೆ. ಚಿತ್ರದ ಕೆಳಗಿನ ವಿವರದಲ್ಲಿ, ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಬರೆಯಬೇಡಿ: ಚೆಂಡಿಗೆ ಹಾರಿದ್ದು ಓದುಗರಿಗೆ ಕಾಣುತ್ತದೆ, ಅದು ಗೋಲಾಯಿತೇ ಎಂಬುದು ಕಾಣುವುದಿಲ್ಲ.

ಕಳುಹಿಸುವುದನ್ನು ಕೊನೆಗೆ ಇಟ್ಟುಕೊಂಡರೆ ನೆಟ್‌ವರ್ಕ್ ಕೈಕೊಡುತ್ತದೆ. ಆಟ ನಿಂತಾಗಲೆಲ್ಲ ಒಳ್ಳೆಯ ಫ್ರೇಮನ್ನು ಕ್ಯಾಮೆರಾದಲ್ಲೇ ಲಾಕ್ ಮಾಡಿ, ವಿರಾಮದಲ್ಲಿ ಎರಡು ಮೂರು ರವಾನಿಸಿ: ಒಂದು ಅಡ್ಡ, ಒಂದು ಉದ್ದ, ಒಂದು ಸಂಭ್ರಮದ್ದು. ಪುಟದಲ್ಲಿ ಯಾವ ಆಕಾರದ ಜಾಗ ಉಳಿಯುತ್ತದೋ ಪುಟ ಕಟ್ಟುವ ಡೆಸ್ಕಿಗೂ ಆಗ ಗೊತ್ತಿರುವುದಿಲ್ಲ. ಹೆಸರು, ಸ್ಥಳ, ದಿನಾಂಕ ಫೈಲಿನ ಒಳಗೇ ಇರಲಿ, ಸಂದೇಶದಲ್ಲಿ ಬೇರೆಯಾಗಿ ಬರೆದದ್ದು ದಾರಿಯಲ್ಲಿ ಬಿಟ್ಟುಹೋಗುತ್ತದೆ. ಕಾರ್ಡನ್ನು ಪತ್ರಿಕೆ ಅಚ್ಚಾಗುವವರೆಗೆ ಫಾರ್ಮ್ಯಾಟ್ ಮಾಡಬೇಡಿ: ವರದಿಗಾರ ಕೊನೆ ಗಳಿಗೆಯಲ್ಲಿ ಕತೆಯ ತಲೆಬರಹ ಬದಲಿಸಿ, ನೀವು ಕಳುಹಿಸದೆ ಬಿಟ್ಟ ಗೋಲ್‌ಕೀಪರ್ ಚಿತ್ರವನ್ನೇ ಕೇಳುವುದುಂಟು.