ಓಡಬೇಕಾದಲ್ಲಿ ಓಡುವುದು

12 ಮಾರ್ಚ್ 2024, ಮಂಗಳವಾರ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಓದಿನಲ್ಲಿ ಈ ದಿನ ಬೈಬಲಿನ ಎರಡನೆಯ ಸಮುವೇಲ ಗ್ರಂಥದ 11ನೇ ಅಧ್ಯಾಯ ಬಂದಿತು. ಅರಸನಾದ ದಾವೀದನು ಪರರ ಹೆಂಡತಿಯನ್ನು ಕೂಡಿದ ಆ ಪತನವು, ಸ್ನಾನ ಮಾಡುತ್ತಿದ್ದ ಅವಳ ಮೇಲೆ ಮಾಳಿಗೆಯಿಂದ ಬಿದ್ದ ನೋಟದಿಂದಲೇ ಆರಂಭವಾಯಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಅಧ್ಯಾಯದ ಮೊದಲ ವಚನವೇ, ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಅವನು ಸೇನಾಪತಿ ಯೋವಾಬನನ್ನು ಕಳುಹಿಸಿ ತಾನು ಯೆರೂಸಲೇಮಿನಲ್ಲಿ ಉಳಿದುಕೊಂಡನೆಂದು ತಿಳಿಸುತ್ತದೆ. ಇರಬೇಕಾದ ಸ್ಥಳದಲ್ಲಿ ಇಲ್ಲದಿರುವುದು ಅಷ್ಟರಲ್ಲೇ ಆಗಿಹೋಗಿತ್ತು.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಮೂರನೆಯ ವಚನ. ಆ ಹೆಂಗಸು ಯಾರೆಂದು ದಾವೀದನು ವಿಚಾರಿಸಿದಾಗ, ಅವಳು ಊರೀಯನ ಹೆಂಡತಿಯೆಂಬ ಉತ್ತರ ಬರುತ್ತದೆ. ಊರೀಯನು ಅವನಿಗೆ ಅಪರಿಚಿತನಲ್ಲ. ಅದೇ ಗ್ರಂಥದ 23ನೇ ಅಧ್ಯಾಯದಲ್ಲಿ ಕೊಟ್ಟಿರುವ ದಾವೀದನ ಪರಾಕ್ರಮಶಾಲಿಗಳ ಪಟ್ಟಿಯಲ್ಲಿ ಅವನ ಹೆಸರೇ ಕೊನೆಯದು. ಶೋಧನೆಯೊಂದಿಗೆ, ಅಂದರೆ ಪಾಪಕ್ಕೆ ಸೆಳೆಯುವ ಪರೀಕ್ಷೆಯೊಂದಿಗೆ, ದೇವರು ತಪ್ಪಿಸಿಕೊಳ್ಳುವ ಮಾರ್ಗವನ್ನೂ ಸಿದ್ಧಪಡಿಸುತ್ತಾನೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ (10:13) ಹೇಳುತ್ತಾನೆ. ದಾವೀದನಿಗೆ ಆ ಮಾರ್ಗವು ಅರಮನೆಯ ಯಾರೋ ಒಬ್ಬರ ಬಾಯಿಂದ ಬಂದ ಸಾಧಾರಣವಾದ ಒಂದು ಮಾತಿನ ರೂಪದಲ್ಲಿ ಬಂದಿತ್ತು. ಅಂಥ ಸಮಯದಲ್ಲಿ ಆಕಾಶವಾಣಿಯನ್ನೇ ನಿರೀಕ್ಷಿಸುವ ನಮಗೆ, ಹೆಂಡತಿಯ ಒಂದು ಪ್ರಶ್ನೆಯೋ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗೆಳೆಯನ ಕರೆಯೋ ದೇವರು ತೆರೆದ ಬಾಗಿಲಾಗಿರಬಹುದೆಂದು ತೋಚುವುದೇ ಇಲ್ಲ.

ಐಗುಪ್ತದಲ್ಲಿ ದಾಸನಾಗಿದ್ದ ಯೋಸೇಫನದು ಇದಕ್ಕೆ ವಿರುದ್ಧವಾದ ನಡೆ. ಯಜಮಾನನಾದ ಪೋಟೀಫರನ ಹೆಂಡತಿ ತನ್ನೊಡನೆ ಮಲಗೆಂದು ದಿನದಿನವೂ ಒತ್ತಾಯಿಸಿದಾಗ ಅವನು ಅವಳ ಬಳಿಯಲ್ಲಿರುವುದಕ್ಕೇ ಒಪ್ಪಲಿಲ್ಲ. ಅವಳು ಬಟ್ಟೆಯನ್ನು ಹಿಡಿದುಕೊಂಡಾಗ ಅದನ್ನು ಅಲ್ಲಿಯೇ ಬಿಟ್ಟು ಓಡಿದನು. ಆ ಓಟದಿಂದ ಅವನಿಗೆ ಮಾನವೂ ಉಳಿಯಲಿಲ್ಲ: ಬಿಟ್ಟುಬಂದ ಬಟ್ಟೆಯೇ ಅವನ ವಿರುದ್ಧ ಸಾಕ್ಷಿಯಾಗಿ ಅವನು ಸೆರೆಮನೆ ಸೇರಿದನು. ಗಂಡಸರಾದ ನಮಗೆ ಇದನ್ನು ಒಪ್ಪುವುದು ಕಷ್ಟ. ಎದುರಿಗೆ ನಿಂತು ಗೆದ್ದೆನೆಂದು ಹೇಳಿಕೊಳ್ಳುವುದರಲ್ಲಿ ಒಂದು ಗತ್ತಿದೆ, ಓಡಿಹೋದೆನೆನ್ನುವುದರಲ್ಲಿ ಅದು ಇಲ್ಲ. ಸೈತಾನನನ್ನು ಎದುರಿಸಿರಿ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದಿರುವುದು ನಿಜ. ಆದರೆ ಜಾರತ್ವದ ವಿಷಯ ಬಂದಾಗ ಪೌಲನು ಕೊಡುವ ಅಪ್ಪಣೆ ಓಡಿಹೋಗಿರಿ ಎಂಬುದೇ. ಫೋನಿನ ಪರದೆಯ ಮುಂದೆ ಕುಳಿತುಕೊಂಡೇ ಬಲವನ್ನು ಕೊಡು ಕರ್ತನೇ ಎಂದು ಬೇಡುವುದು ನನ್ನ ಅಭಿಪ್ರಾಯದಲ್ಲಿ ಪ್ರಾರ್ಥನೆಗಿಂತ ಚೌಕಾಶಿಗೇ ಹತ್ತಿರವಾದದ್ದು. ಮೊದಲು ಏಳಬೇಕು, ಆಮೇಲೆ ಮೊಣಕಾಲೂರಬೇಕು.

ಯೋಬನು ಯುವತಿಯ ಮೇಲೆ ಕಣ್ಣಿಡುವುದಿಲ್ಲವೆಂದು ತನ್ನ ಕಣ್ಣುಗಳೊಂದಿಗೆ ಒಡಂಬಡಿಕೆ ಮಾಡಿಕೊಂಡಿದ್ದೇನೆಂದು ಹೇಳುವಾಗಲೂ (31:1) ಅದು ಮೊದಲೇ ಮಾಡಿಕೊಂಡ ಒಡಂಬಡಿಕೆ ಎಂಬುದು ಮುಖ್ಯ. ಊಟವಾದ ಮೇಲೆ ನನ್ನ ಫೋನು ಮಲಗುವ ಕೋಣೆಗೆ ಬರುವುದಿಲ್ಲ, ಅದರ ಪಾಸ್‌ವರ್ಡ್ ಹೆಂಡತಿಗೂ ತಿಳಿದಿದೆ, ವಾರಕ್ಕೊಮ್ಮೆ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ನೇರವಾಗಿ ಕೇಳುವ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಇವೆಲ್ಲ ಮನಸ್ಸು ಶಾಂತವಾಗಿದ್ದಾಗ ನಿಶ್ಚಯಿಸಿದವುಗಳು, ಏಕೆಂದರೆ ಆಸೆ ಎದ್ದ ಮೇಲೆ ಬುದ್ಧಿಯು ಆಸೆಯ ಪರವಾಗಿಯೇ ವಾದಿಸತೊಡಗುತ್ತದೆ.

ಆದರೆ ಓಡಲಾಗದ ಶೋಧನೆಗಳೂ ಇವೆ. ಯೋಹಾನನು ತನ್ನ ಮೊದಲ ಪತ್ರಿಕೆಯಲ್ಲಿ ಲೋಕದ್ದೆಂದು ಹೆಸರಿಸುವ ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ ಎಂಬ ಮೂರರಲ್ಲಿ ಕೊನೆಯದು ನಾವು ಹೋದಲ್ಲೆಲ್ಲಾ ನಮ್ಮೊಂದಿಗೇ ಬರುತ್ತದೆ. ಹಣದಾಶೆಗೆ ದೂರವಾಗಿ ಓಡಿಹೋಗೆಂದು ತಿಮೊಥೆಯನಿಗೆ ಬರೆದ ಪೌಲನೂ ಡೇರೆಗಳನ್ನು ಮಾಡಿ ದುಡಿಯುತ್ತಿದ್ದನು. ದುಡಿಮೆಯನ್ನಾಗಲಿ ಸಂಬಳವನ್ನಾಗಲಿ ಬಿಟ್ಟು ಓಡುವಂತಿಲ್ಲ. ಈ ದಿನ ಮಧ್ಯಾಹ್ನ ಮೇಲಧಿಕಾರಿಯೊಬ್ಬರು ಎಲ್ಲರ ಮುಂದೆ ನನ್ನ ಕೆಲಸವನ್ನು ಹೊಗಳಿದರು. ಕೆಲಸ ಚೆನ್ನಾಗಿಯೇ ಆಗಿತ್ತು, ಹೊಗಳಿಕೆಯಲ್ಲಿ ಸುಳ್ಳೇನೂ ಇರಲಿಲ್ಲ, ಹಾಗಿದ್ದರೂ ಸಂಜೆಯ ಪ್ರಾರ್ಥನೆಗೆ ಕುಳಿತಾಗ ನನ್ನ ಕಿವಿಯಲ್ಲಿದ್ದದ್ದು ಆ ಮಾತುಗಳೇ. ಯಾವ ಕೋಣೆಗೆ ಎದ್ದು ಹೋದರೂ ಈ ಡಂಬ ಬಿಡುವುದಿಲ್ಲ.

ಇದಕ್ಕೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ತೋರಿಸುವ ದಾರಿ ಗುಪ್ತತೆಯದು: ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ತಂದೆಯೊಬ್ಬನೇ ಕಾಣುವಂತೆ ಮಾಡಬೇಕು. ಹೊಗಳಿಸಿಕೊಳ್ಳುವ ಅಭ್ಯಾಸವನ್ನು ಒಳಗೇ ಹೋರಾಡಿ ಸೋಲಿಸೆಂದು ಆತನು ಅಲ್ಲಿ ಹೇಳುವುದಿಲ್ಲ, ಅದಕ್ಕೆ ಆಹಾರ ಸಿಗದಂತೆ ನೋಡಿಕೋ ಎನ್ನುತ್ತಾನೆ. ಹಬ್ಬದ ಆರಾಧನೆಯಲ್ಲಿ ಕಾಣಿಕೆ ಕೊಟ್ಟವರ ಹೆಸರುಗಳನ್ನು ಓದುವ ರೂಢಿ ನಮ್ಮಲ್ಲಿದೆ. ನನ್ನ ಕಾಣಿಕೆಯನ್ನು ಹೆಸರಿಲ್ಲದೆ ಲೆಕ್ಕಕ್ಕೆ ಸೇರಿಸಬೇಕೆಂದು ಸಭೆಯ ಖಜಾಂಚಿಯವರಿಗೆ ಈಗಷ್ಟೇ ಸಂದೇಶ ಕಳುಹಿಸಿದ್ದೇನೆ. ರಸೀದಿಗೆ ಹೆಸರು ಬೇಕೇಬೇಕೆಂದು ಅವರು ಉತ್ತರಿಸಿದ್ದಾರೆ; ರಸೀದಿಯಲ್ಲಿ ಇರಲಿ, ಓದುವ ಪಟ್ಟಿಯಲ್ಲಿ ಬೇಡ ಎಂದು ತಿಳಿಸಿದೆ.