ಕಾಂಡ್ಲಾ ಬೀಜ ಆಯುವ ಕಾಲ

ಅಘನಾಶಿನಿ ಅಳಿವೆಯಲ್ಲಿ ರೈಜೋಫೊರಾ ಜಾತಿಯ ಕಾಂಡ್ಲಾದ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರದ, ಕೋಲುಬೀಜಗಳು ಜೋತಾಡುತ್ತಿವೆ. ಬೀಜವೆಂದರೂ ಅದು ತಾಯಿಮರದಲ್ಲೇ ಮೊಳೆತ ಸಸಿ. ಹಡೆದ ಮೇಲೂ ಮಡಿಲಿಂದ ಇಳಿಸದ ಮರ ಇದು. ಹಾಗಾಗಿ ಹಸಿರಿದ್ದಾಗ ಎಳೆದು ಕೀಳಬೇಡಿ. ಕಾಯಿಗೂ ಕೋಲಿಗೂ ನಡುವೆ ಹಳದಿ ಕೊರಳಪಟ್ಟಿ ಮೂಡಿರಬೇಕು, ಮೆಲ್ಲಗೆ ತಿರುವಿದರೆ ಕೈಗೆ ಬರಬೇಕು. ಮೇಲ್ತುದಿಯ ಕಂದು ಟೋಪಿಯನ್ನು ಬಲವಂತವಾಗಿ ಕಿತ್ತರೆ ಒಳಗಿನ ಕುಡಿ ಮುರಿಯುತ್ತದೆ, ಅದು ತಾನಾಗಿ ಕಳಚಲಿ. ಸೂಜಿಮೊನೆಯಷ್ಟು ತೂತು ಕಂಡರೂ ಬಿಟ್ಟುಬಿಡಿ, ಹುಳು ಹೊಕ್ಕಿರುತ್ತದೆ.

ಭತ್ತದ ಹಾಗೆ ಒಣಗಿಸಿ ಕಟ್ಟಿಡುವ ಬೀಜವಲ್ಲ, ಒಣಗಿದರೆ ಸತ್ತಿತು. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ, ವಾರದೊಳಗೆ ಕೆಸರಿಗೆ ಊರಿ. ಚೂಪು ತುದಿ ಕೆಳಗೆ, ಮೂರನೇ ಒಂದು ಭಾಗ ಮಾತ್ರ ಒಳಗೆ. ತೀರಾ ಆಳಕ್ಕೆ ಒತ್ತಿದರೆ ಕೊಳೆಯುತ್ತದೆ.