ಮೈಲಿಗೊಂದು ಮನೆ

ನಮ್ಮ ಹಾವೇರಿ ಕಡೆ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು. ಹೊಲ ಊರಾಚೆ. ಬೆಳಗ್ಗೆ ಎತ್ತು ಹೊಡ್ಕೊಂಡು ಹೋದರೆ ಹೊತ್ತು ಮುಳುಗುವಾಗ ಮನೆಗೆ. ಇಲ್ಲಿ, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ, ಒಂದು ಮನೆಯ ದೀಪದಿಂದ ಇನ್ನೊಂದು ಮನೆಯ ದೀಪಕ್ಕೆ ಒಂದೆರಡು ಮೈಲಿ. ಇಷ್ಟು ಚಳಿಯಲ್ಲಿ ಜನ ಒತ್ತಟ್ಟಿಗೆ ಇರೋದು ಬಿಟ್ಟು ಹೀಗೆ ಚೆಲ್ಲಾಪಿಲ್ಲಿ ಯಾಕಿದ್ದಾರೆ ಅಂತ ಬಂದ ಹೊಸದರಲ್ಲಿ ತುಂಬ ಯೋಚಿಸಿದ್ದೆ.

ಕಾರಣ 1872ರ ಡೊಮಿನಿಯನ್ ಲ್ಯಾಂಡ್ಸ್ ಆ್ಯಕ್ಟ್ ಎಂಬ ಕಾನೂನು. 10 ಡಾಲರ್ ಕಟ್ಟಿದರೆ 160 ಎಕರೆ ಜಮೀನು. ಆದರೆ ಅಲ್ಲೇ ಮನೆ ಕಟ್ಟಿ, ವಾಸ ಮಾಡಿ, ಮೂರು ವರ್ಷ ಉತ್ತು ಬಿತ್ತಿ ತೋರಿಸಬೇಕು. ಆಮೇಲೇ ಹಕ್ಕುಪತ್ರ. ಮೆನೊನೈಟ್, ದುಖೊಬೋರ್ ತರಹದ ಕೆಲವು ಕ್ರೈಸ್ತ ಪಂಗಡಗಳಿಗಷ್ಟೇ ಹಳ್ಳಿ ಕಟ್ಟಿಕೊಂಡಿರಲು ರಿಯಾಯಿತಿ ಸಿಕ್ಕಿತ್ತು. ಉಕ್ರೇನಿನಿಂದ, ಇಂಗ್ಲೆಂಡಿನಿಂದ ಬಂದ ಎಷ್ಟೋ ಸಂಸಾರಗಳು ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕಡಿದು, ಅದನ್ನೇ ಗೋಡೆಯಾಗಿ ಪೇರಿಸಿ, ಮೊದಲ ಚಳಿಗಾಲ ಕಳೆದವು.

ಆ ನೆಲ ಯಾರಿಗೂ ಸೇರದೆ ಬಿದ್ದಿರಲಿಲ್ಲ. ಕ್ರೀ, ಸೋಟೊ, ಅಸಿನಿಬೋಯಿನ್ ಎಂಬ ಮೂಲನಿವಾಸಿ ಜನ ಅಲ್ಲಿ ಬಾಳಿದ್ದರು. ಸರ್ಕಾರದ ಜೊತೆ 1874 ಮತ್ತು 1876ರ ಒಪ್ಪಂದಗಳಾದ ಮೇಲೆ ಅವರನ್ನು ಸಣ್ಣ ಮೀಸಲು ಜಾಗಗಳಿಗೆ ಸರಿಸಿದರು. ತಾವೇ ಬೆಳೆದ ಧಾನ್ಯ ಮಾರಬೇಕಾದರೂ ಸರ್ಕಾರಿ ಏಜೆಂಟನ ಅನುಮತಿ ಚೀಟಿ ಬೇಕಿತ್ತು. ಇದನ್ನು ಬಿಟ್ಟು ಇಲ್ಲಿನ ರೈತರ ಕಥೆ ಹೇಳೋಕೆ ನನಗೆ ಮನಸ್ಸು ಬರಲ್ಲ.

ದೂರ ದೂರ ಇದ್ದವರು ಬದುಕಬೇಕಾದರೆ ಕೈ ಕೂಡಿಸಲೇಬೇಕಿತ್ತು. ಧಾನ್ಯ ಕೊಳ್ಳುವ ಕಂಪನಿಗಳು ಹೇಳಿದ್ದೇ ರೇಟು ಅಂತಿದ್ದಾಗ, 1924ರಲ್ಲಿ ರೈತರೇ ಸೇರಿ ಸಸ್ಕಾಚೆವಾನ್ ವೀಟ್ ಪೂಲ್ ಎಂಬ ಸಹಕಾರ ಸಂಘ ಮಾಡಿಕೊಂಡರು. ನನಗೆ ಇದಕ್ಕಿಂತ ಇಷ್ಟವಾದದ್ದು ಸಾರ್ನಿಯಾ ಎಂಬ ಗ್ರಾಮೀಣ ಮುನ್ಸಿಪಾಲಿಟಿಯ ಕಥೆ. 1915ರ ಸುಮಾರಿಗೆ ಅಲ್ಲಿದ್ದ ಡಾಕ್ಟರು ಸಂಪಾದನೆ ಸಾಲದೆ ಹೊರಟು ನಿಂತರು. ಅವರು ಹೋದರೆ ಹೆರಿಗೆಗೆ, ಜ್ವರಕ್ಕೆ ಯಾರು ಗತಿ? ಊರವರು ಕಂದಾಯದ ಹಣದಿಂದಲೇ ಅವರಿಗೆ ವರ್ಷಕ್ಕಿಷ್ಟು ಅಂತ ಕೊಟ್ಟು ಉಳಿಸಿಕೊಂಡರು. ಈ ಪದ್ಧತಿ ಬೇರೆ ಕಡೆಗೂ ಹಬ್ಬಿತು. 1962ರಲ್ಲಿ ಇಡೀ ಪ್ರಾಂತ್ಯಕ್ಕೇ ಸರ್ಕಾರಿ ವೈದ್ಯ ವಿಮೆ ಬಂತು, ಆಮೇಲೆ ದೇಶಕ್ಕೆ. ಇವತ್ತು ನಾನು ದುಡ್ಡು ಕೊಡದೆ ಡಾಕ್ಟರ ಹತ್ತಿರ ಹೋಗಿಬರೋದರ ಹಿಂದೆ ಆ ರೈತರಿದ್ದಾರೆ.

ರೈಲು ದಾರಿಯುದ್ದಕ್ಕೂ ಮರದ ಎತ್ತರದ ಕಣಜಗಳಿದ್ದವು. ಇಲ್ಲಿ ಎಲಿವೇಟರ್ ಅಂತಾರೆ. ಕುದುರೆ ಗಾಡಿ ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರಕ್ಕೊಂದು, ಅದರ ಸುತ್ತ ಒಂದು ಪೇಟೆ. ಲಾರಿ ಬಂತು, ಜಮೀನು ದೊಡ್ಡದಾಯಿತು, ಕಣಜಗಳು ಉರುಳಿದವು, ಎಷ್ಟೋ ಪೇಟೆಗಳೂ ಹೋದವು. ನಮ್ಮ ಪಕ್ಕದ ಪೇಟೆಯಲ್ಲಿ ಈಗ ಉಳಿದಿರೋದು ಒಂದು ಚರ್ಚು, ನಾಲ್ಕು ಮನೆ.

ಕೂಡಿ ದುಡಿಯೋದು ಮಾತ್ರ ಉಳಿದಿದೆ. ಹೋದ ವರ್ಷ ಆಗಸ್ಟ್ ಕೊನೆಗೆ ನಮ್ಮ ಪಕ್ಕದ ಹಿರಿಯರಿಗೆ ಹೃದಯದ ಆಪರೇಷನ್ ಆಯಿತು. ಬೆಳೆ ಒಣಗಿ ನಿಂತಿತ್ತು. ಒಂದು ಶನಿವಾರ ಸುತ್ತಲಿನವರು ಒಂಬತ್ತು ಕೊಯ್ಲಿನ ಯಂತ್ರ ತಂದರು. ನಮ್ಮ ಮುಯ್ಯಾಳು ಪದ್ಧತಿ ಗೊತ್ತಲ್ವಾ, ಹಾಗೇ. ಹೆಂಗಸರು ಹೊಲಕ್ಕೇ ಊಟ ತಂದರು, ನಾನೂ ಒಂದು ಪಾತ್ರೆ ಚಿತ್ರಾನ್ನ ಒಯ್ದೆ. ಕತ್ತಲಾಗುವ ಹೊತ್ತಿಗೆ ಹೊಲ ಬರಿದಾಗಿತ್ತು.

ಆ ಬೆಳೆ ಯಾವುದು ಗೊತ್ತಾ? ಮಸೂರ್, ನಮ್ಮ ಚನ್ನಂಗಿ ಬೇಳೆ. 1970ರ ದಶಕದಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಆಲ್ ಸ್ಲಿಂಕಾರ್ಡ್ ಎಂಬ ವಿಜ್ಞಾನಿ ಇಲ್ಲಿನ ಹವೆಗೆ ಹೊಂದುವ ತಳಿ ಮಾಡಿಕೊಟ್ಟ ಮೇಲೆ ಇದು ಈ ನೆಲದ ಬೆಳೆಯಾಯಿತು. ಭಾರತಕ್ಕೂ ಹಡಗು ತುಂಬಿ ಬರುತ್ತೆ. ಯಂತ್ರದಿಂದ ಇಳಿದ ಹುಡುಗನೊಬ್ಬ ಒಂದು ಹಿಡಿ ಕಾಳು ನನ್ನ ಅಂಗೈಗೆ ಸುರಿದ. ಇನ್ನೂ ಬೆಚ್ಚಗಿತ್ತು. ಮೇಲೆ ಬೂದು ಸಿಪ್ಪೆ, ಉಗುರಲ್ಲಿ ಬಿಡಿಸಿದರೆ ಒಳಗೆ ಕೆಂಪು. "ನಿಮ್ಮ ಮನೇಲಿ ಇದನ್ನ ಏನು ಮಾಡ್ತಾರೆ?" ಅಂತ ಕೇಳಿದ. ಅವರಪ್ಪ ಇಪ್ಪತ್ತು ವರ್ಷದಿಂದ ಇದನ್ನೇ ಬೆಳೀತಿದ್ದಾರಂತೆ. ಮುಂದಿನ ಭಾನುವಾರ ಅವರ ಮನೆಗೆ ಸಾರು ಮಾಡಿ ಕೊಂಡೊಯ್ದೆ, ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿ ಹಾಕಿ.